ಲಕ್ಷದ್ವೀಪದಲ್ಲಿ ಕಡಲಾಟ ಮತ್ತು ಊರಿನ ಒಡನಾಟ: ಹಂತ ಹಂತದ ಮಾರ್ಗದರ್ಶಿ

2024ರ ಜನವರಿಯಲ್ಲಿ ಪ್ರಧಾನಿ ಲಕ್ಷದ್ವೀಪದ ನೀರಿಗಿಳಿದ ಚಿತ್ರಗಳು ಎಲ್ಲೆಡೆ ಹರಿದಾಡಿದವು. ಅಲ್ಲಿಗೆ ಹೋಗುವ ದಾರಿ ಕೇಳುವವರು ಅಂದಿನಿಂದ ಹೆಚ್ಚಾಗಿದ್ದಾರೆ. ಪ್ರಶ್ನೆಗಳೆಲ್ಲ ಬಹುಮಟ್ಟಿಗೆ ನೀರಿನ ಸುತ್ತಲೇ ಇರುತ್ತವೆ. ಉಸಿರುಕೊಳವೆ ಕಚ್ಚಿ ತೇಲುತ್ತಾ ನೀರಿನಡಿ ನೋಡುವ ಸ್ನಾರ್ಕೆಲಿಂಗ್‌ಗೆ ಯಾವ ದ್ವೀಪ ಚೆನ್ನ, ಈಜು ಬಾರದವರು ಗಾಳಿಯ ಸಿಲಿಂಡರ್ ಹೊತ್ತು ಆಳಕ್ಕಿಳಿಯುವ ಸ್ಕೂಬಾ ಮಾಡಬಹುದೇ, ಹುಟ್ಟು ಹಾಕುವ ಸಣ್ಣ ದೋಣಿಯಾದ ಕಯಾಕ್ ಸಿಗುತ್ತದೆಯೇ? ಅಲ್ಲಿನ ಜನ ಏನು ಉಣ್ಣುತ್ತಾರೆ, ಹೇಗೆ ಬದುಕುತ್ತಾರೆ ಎನ್ನುವುದು ಸಮಯ ಉಳಿದರೆ ನೋಡೋಣ ಎಂಬ ಧಾಟಿಯಲ್ಲಿ ಕೊನೆಗೆ ಬರುತ್ತದೆ.

ಲಕ್ಷದ್ವೀಪದಲ್ಲಿ ಇವೆರಡನ್ನೂ ಬೇರ್ಪಡಿಸಲು ಬರುವುದಿಲ್ಲ. ದ್ವೀಪಕ್ಕೂ ಅದನ್ನು ಕಾಯುವ ಹವಳದಿಬ್ಬಕ್ಕೂ ನಡುವೆ ನಿಂತ ಆಳವಿಲ್ಲದ ತಿಳಿನೀರಿಗೆ ಲಗೂನ್ ಎನ್ನುತ್ತಾರೆ. ನೀವು ಮಾಸ್ಕ್ ತೊಟ್ಟು ಮೀನು ನೋಡುವುದು ಅಲ್ಲೇ. ಟ್ಯೂನಾ ಬೇಟೆಗೆ ಬೇಕಾದ ಸಣ್ಣ ಮೀನನ್ನು ಅಲ್ಲಿನ ಮೀನುಗಾರರು ಬಲೆ ಹಾಕಿ ಹಿಡಿಯುವುದೂ ಅಲ್ಲೇ. ತೆಂಗಿನ ಸಿಪ್ಪೆಯನ್ನು ತಲೆಮಾರುಗಳಿಂದ ಕೊಳೆಹಾಕಿದ್ದು ಅದರ ದಂಡೆಯ ಮರಳಿನಲ್ಲೇ. ನಮಗೆ ಆಟದ ಬಯಲಾಗಿ ಕಾಣುವುದು ಆ ಊರಿನ ಉಗ್ರಾಣ. ಹಾಗಾಗಿ ಅದರೊಳಗೆ ಮನೆಯವರ ಜೊತೆಯಲ್ಲೇ ಹೋಗಬೇಕು. ಈ ಮಾರ್ಗದರ್ಶಿಯ ಹಂತಗಳೆಲ್ಲ ಈ ಲೆಕ್ಕದಲ್ಲೇ ಇವೆ.

ಕನ್ನಡನಾಡಿಗೆ ಈ ದ್ವೀಪಗಳು ಪರದೇಶವೇನಲ್ಲ. ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಸೇರಿದ ಅಮಿನ್‌ದೀವಿ ಗುಂಪು ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದು ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೋಯಿತು. 1956ರ ನವೆಂಬರ್‌ನಲ್ಲಿ ಕೇಂದ್ರಾಡಳಿತ ಪ್ರದೇಶ ರಚನೆಯಾಗುವ ತನಕ ಈ ಗುಂಪು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ದ್ವೀಪದವರು ಓಡಂ ಎಂಬ ಹಾಯಿಹಡಗಿನಲ್ಲಿ ತೆಂಗಿನ ನಾರು ತುಂಬಿಕೊಂಡು ಮಂಗಳೂರಿಗೆ ಬರುತ್ತಿದ್ದರು, ಅಕ್ಕಿ ತುಂಬಿಕೊಂಡು ಮರಳುತ್ತಿದ್ದರು. ಮಂಗಳೂರಿನ ಹಳೆ ಬಂದರಿನಿಂದ ಇಂದಿಗೂ ಅಲ್ಲಿಗೆ ಸರಕು ಹೋಗುತ್ತದೆ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು ದಶಕಗಳ ಕಾಲ ದ್ವೀಪಗಳ ಮುಖ್ಯ ಬ್ಯಾಂಕಾಗಿತ್ತು. 2020ರಲ್ಲಿ ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾದ್ದರಿಂದ ಬ್ಯಾಂಕಿನ ನಂಟು ಈಗಲೂ ಕರಾವಳಿಯದ್ದೇ. ದ್ವೀಪದ ಹಿರಿಯರ ಜೊತೆ ಮಾತಿಗೆ ಕೂತರೆ, ಮಂಗಳೂರು ಎಂಬ ಹೆಸರು ಬೇರೆ ಯಾವ ಪೀಠಿಕೆಗಿಂತಲೂ ಹೆಚ್ಚು ಕೆಲಸಕ್ಕೆ ಬರುತ್ತದೆ.

ಹಂತ 1: ತಿಂಗಳನ್ನು ಮೊದಲು ಗೊತ್ತುಮಾಡಿ

ಅಕ್ಟೋಬರ್‌ನಿಂದ ಮೇ ನಡುವಿನವರೆಗೆ ಹೋಗಬಹುದು. ನವೆಂಬರ್‌ನಿಂದ ಮಾರ್ಚ್‌ವರೆಗೆ ಹವೆ ಹಿತವಾಗಿರುತ್ತದೆ. ಏಪ್ರಿಲ್‌ನಲ್ಲಿ ಬಿಸಿಲು ಸುಡುತ್ತದೆ, ಆದರೆ ಕಡಲು ಕನ್ನಡಿಯಾಗಿರುತ್ತದೆ. ನೀರಿನಾಳ ನೋಡುವುದೇ ಮುಖ್ಯ ಉದ್ದೇಶವಾದರೆ ಬೆವರನ್ನು ಸಹಿಸಿಕೊಂಡು ಆಗಲೇ ಹೋಗಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮುಂಗಾರು ನೇರವಾಗಿ ಲಗೂನಿನ ಕಡೆಗೇ ಅಪ್ಪಳಿಸುವುದರಿಂದ ಆ ತಿಂಗಳುಗಳನ್ನು ಬಿಟ್ಟುಬಿಡಿ.

ರಂಜಾನ್ ಯಾವಾಗ ಎಂಬುದನ್ನೂ ಪಂಚಾಂಗದಲ್ಲಿ ನೋಡಿಕೊಳ್ಳಿ. ದ್ವೀಪದ ನಿವಾಸಿಗಳು ಬಹುತೇಕ ಎಲ್ಲರೂ ಮುಸ್ಲಿಮರು, ಮತ್ತು ಈಗಿನ ವರ್ಷಗಳಲ್ಲಿ ರಂಜಾನ್ ಪ್ರವಾಸದ ಋತುವಿನ ನಡುವೆಯೇ, ಫೆಬ್ರವರಿ ಮಾರ್ಚ್ ಸುಮಾರಿಗೆ, ಬರುತ್ತಿದೆ. ಆಗ ಹೋಗಬಾರದೆಂದೇನಿಲ್ಲ. ಹಗಲು ಊರು ನಿಧಾನವಾಗಿರುತ್ತದೆ, ಚಹಾದಂಗಡಿಗಳು ಮುಚ್ಚಿರುತ್ತವೆ, ಸಂಜೆಯ ಇಫ್ತಾರಿನ ಹೊತ್ತಿಗೆ ಬೀದಿಗೆ ಜೀವ ಬರುತ್ತದೆ. ನೀರಿನ ಆಟಕ್ಕೆಂದೇ ಹೋಗುವವರಿಗೆ ಇದು ಅಡಚಣೆಯಾಗಬಹುದು. ಊರು ನೋಡಬೇಕೆನ್ನುವವರಿಗೆ ಅದೇ ಒಳ್ಳೆಯ ಕಾಲ.

ಹಂತ 2: ದ್ವೀಪ ಆರಿಸುವಾಗ ಆಸೆಯನ್ನು ಕಡಿಮೆ ಮಾಡಿಕೊಳ್ಳಿ

36 ದ್ವೀಪಗಳು, ಒಟ್ಟು ನೆಲ 32 ಚದರ ಕಿಲೋಮೀಟರ್, ಜನವಸತಿ ಇರುವುದು ಹತ್ತರಲ್ಲಿ ಮಾತ್ರ. ಪುಟ್ಟ ಜಾಗವಲ್ಲವೇ, ನಾಲ್ಕು ದಿನದಲ್ಲಿ ನಾಲ್ಕು ದ್ವೀಪ ನೋಡಿಬಿಡೋಣ ಎನಿಸುತ್ತದೆ. ಆದರೆ ದ್ವೀಪದಿಂದ ದ್ವೀಪಕ್ಕೆ ಹೋಗುವುದೆಂದರೆ ತೆರೆದ ಕಡಲನ್ನು ದಾಟುವುದು. ಹಡಗಿನ ವೇಳೆ ನಿಮ್ಮ ಅನುಕೂಲಕ್ಕೆ ಹೊಂದುವುದಿಲ್ಲ. ಒಂದು ದ್ವೀಪ, ಹೆಚ್ಚೆಂದರೆ ಎರಡು, ಇಟ್ಟುಕೊಳ್ಳಿ.

ಮೊದಲ ಸಲ ಹೋಗುವವರಿಗೆ ನಾನು ಕಡ್ಮತ್ ಹೇಳುತ್ತೇನೆ. ಎಂಟೊಂಬತ್ತು ಕಿಲೋಮೀಟರ್ ಉದ್ದದ, ಅಗಲವೆಂದರೆ ಎಲ್ಲಿಯೂ ಅರ್ಧ ಕಿಲೋಮೀಟರಿನ ಆಸುಪಾಸಿನ ನೆಲ. ಸೈಕಲ್ಲಿನಲ್ಲಿ ತುದಿಯಿಂದ ತುದಿಗೆ ಹೋಗಬಹುದು. ಸ್ಕೂಬಾ ಕಲಿಸುವ ವ್ಯವಸ್ಥೆ ಅಲ್ಲಿ ಹಳೆಯದು, ಊರೂ ಪಕ್ಕದಲ್ಲೇ ಇದೆ. ವಿಮಾನದಲ್ಲಿ ಹೋಗುವವರಿಗೆ ಅಗತ್ತಿ ಅನುಕೂಲ. ಅಲ್ಲಿನ ಲಗೂನಿನ ಕಡಲಹುಲ್ಲನ್ನು ಮೇಯಲು ಬರುವ ಹಸಿರು ಆಮೆಗಳನ್ನು ಕಾಣುವುದು ಸುಲಭ. ಅಗತ್ತಿಯಿಂದ ದೋಣಿಯಲ್ಲಿ ಬಂಗಾರಂ ಮತ್ತು ತಿನ್ನಕರಕ್ಕೆ ಹೋಗಿಬರಬಹುದು. ಬಂಗಾರಂ ಚಿತ್ರದಲ್ಲಿರುವಷ್ಟೇ ಚೆಂದ, ಆದರೆ ಅದು ಪ್ರವಾಸಿಗರಿಗೆಂದೇ ಇರುವ ಜಾಗ. ಅಲ್ಲೇ ಉಳಿದು ಹಿಂತಿರುಗಿದವರು ಲಕ್ಷದ್ವೀಪದ ಮರಳನ್ನು ಕಂಡಿರುತ್ತಾರೆ, ಲಕ್ಷದ್ವೀಪವನ್ನಲ್ಲ.

ಸಂಸ್ಕೃತಿಯೇ ಮುಖ್ಯವಾದರೆ ಮಿನಿಕಾಯ್. ಉಳಿದ ದ್ವೀಪಗಳಿಂದ ದೂರ ದಕ್ಷಿಣದಲ್ಲಿ, ಮಾಲ್ಡೀವ್ಸ್‌ಗೆ ಹತ್ತಿರದಲ್ಲಿದೆ. ಭಾಷೆಯೂ ಬೇರೆ: ಬೇರೆಡೆಯೆಲ್ಲ ಮಲಯಾಳಕ್ಕೆ ಹತ್ತಿರದ ಜೆಸರಿ ಆಡಿದರೆ, ಇಲ್ಲಿ ಮಾಲ್ಡೀವ್ಸ್‌ನ ದಿವೇಹಿಯ ಬಳಗದ ಮಹಲ್ ಆಡುತ್ತಾರೆ. ಅದನ್ನು ಬಲದಿಂದ ಎಡಕ್ಕೆ ಬರೆಯುವ ತಾನಾ ಲಿಪಿಯಲ್ಲಿ ಬರೆಯುತ್ತಾರೆ. ಹಳ್ಳಿಹಳ್ಳಿಗೂ ಒಂದು ಸಾರ್ವಜನಿಕ ಮನೆ, ಬಣ್ಣ ಬಳಿದ ಉದ್ದನೆಯ ಓಟದ ದೋಣಿ. 1885ರಲ್ಲಿ ಬ್ರಿಟಿಷರು ಕಟ್ಟಿದ ದೀಪಸ್ತಂಭವನ್ನು ಹತ್ತಲು ಬಿಟ್ಟರೆ ಹತ್ತಿ. ಅರ್ಧಚಂದ್ರಾಕಾರದ ಇಡೀ ದ್ವೀಪ ಮತ್ತು ಅದರ ತೋಳಿನೊಳಗಿನ ಲಗೂನ್ ಒಂದೇ ನೋಟಕ್ಕೆ ಸಿಗುತ್ತವೆ.

ಇನ್ನೊಂದು ದಾರಿ ಸಮುದ್ರಂ ಎಂಬ ಹಡಗಿನ ಪ್ರವಾಸ. ಐದು ದಿನಗಳಲ್ಲಿ ಕವರತ್ತಿ, ಕಲ್ಪೇನಿ, ಮಿನಿಕಾಯ್ ಮೂರನ್ನೂ ತೋರಿಸುತ್ತಾರೆ. ವಯಸ್ಸಾದ ಅಪ್ಪ ಅಮ್ಮ, ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಹೋಗುವವರಿಗೆ ಇದು ನಿಶ್ಚಿಂತೆಯ ಏರ್ಪಾಡು. ಕೊರತೆ ಒಂದೇ: ಹಗಲು ದ್ವೀಪದಲ್ಲಿ, ರಾತ್ರಿ ಹಡಗಿನಲ್ಲಿ. ಜನ ದುಡಿಮೆ ಮುಗಿಸಿ ಕಡಲ ದಂಡೆಗೆ ಬಂದು ಕೂರುವ ಹೊತ್ತಿಗೆ ನೀವು ಹಡಗಿನ ಊಟದ ಸಾಲಿನಲ್ಲಿ ನಿಂತಿರುತ್ತೀರಿ.

ಹಂತ 3: ಪರವಾನಗಿ

ಭಾರತೀಯರೂ ಪರವಾನಗಿಯಿಲ್ಲದೆ ಇಲ್ಲಿಗೆ ಕಾಲಿಡುವಂತಿಲ್ಲ. 1967ರ ಪ್ರವೇಶ ಮತ್ತು ವಾಸ ನಿರ್ಬಂಧ ನಿಯಮಗಳು ದ್ವೀಪದವರ ಸಣ್ಣ ನೆಲವನ್ನೂ ಬುಡಕಟ್ಟು ಸಮುದಾಯವಾಗಿ ಅವರಿಗಿರುವ ಹಕ್ಕನ್ನೂ ಕಾಪಾಡಲು ಬಂದವು. ಇದನ್ನು ಕಿರಿಕಿರಿ ಎಂದು ಗೊಣಗುವವರು ಗೋವೆಯ ಕಡಲತೀರವನ್ನು ಒಮ್ಮೆ ನೆನೆಸಿಕೊಳ್ಳಲಿ.

ದಾರಿ ಎರಡು. ಲಕ್ಷದ್ವೀಪ ಆಡಳಿತದ ಪ್ರವಾಸ ಸಂಸ್ಥೆಯಾದ ಸ್ಪೋರ್ಟ್ಸ್‌ನ ಮೂಲಕವೋ, ಅಧಿಕೃತ ಪ್ರವಾಸ ಏಜೆಂಟರ ಮೂಲಕವೋ ಕಾಯ್ದಿರಿಸಿದರೆ ಪರವಾನಗಿಯ ಓಡಾಟವನ್ನು ಅವರೇ ನೋಡಿಕೊಳ್ಳುತ್ತಾರೆ. ದ್ವೀಪದ ನಿವಾಸಿಯೊಬ್ಬರು ಆತಿಥ್ಯದ ಹೊಣೆ ಹೊತ್ತರೆ ನೀವೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಆಗ ನಿಮ್ಮ ಊರಿನ ಪೊಲೀಸರಿಂದ ನಿರಾಕ್ಷೇಪಣೆಯ ಪ್ರಮಾಣಪತ್ರ, ಗುರುತಿನ ಚೀಟಿ, ಭಾವಚಿತ್ರ ಬೇಕಾಗುತ್ತವೆ. ಪೊಲೀಸ್ ಪ್ರಮಾಣಪತ್ರಕ್ಕೆ ಹಿಡಿಯುವ ಕಾಲವನ್ನು ಯಾರೂ ಮುಂಚಿತವಾಗಿ ಹೇಳಲಾರರು. ಹಾಗಾಗಿ ಎರಡು ತಿಂಗಳು ಮೊದಲೇ ಶುರುಮಾಡಿ. ಪರವಾನಗಿಯಲ್ಲಿ ನಮೂದಾದ ದ್ವೀಪಗಳಿಗೆ ಮಾತ್ರ ಹೋಗಬಹುದು. ಅದರ ಮುದ್ರಿತ ಪ್ರತಿಗಳನ್ನು ಜೊತೆಗಿಟ್ಟುಕೊಳ್ಳಿ, ಮೊಬೈಲಿನಲ್ಲಿರುವ ಚಿತ್ರವೊಂದನ್ನೇ ನಂಬಬೇಡಿ.

ಹಂತ 4: ಹಡಗೋ ವಿಮಾನವೋ

ವಿಮಾನ ಇಳಿಯುವುದು ಅಗತ್ತಿಯಲ್ಲಿ ಮಾತ್ರ. ಕೊಚ್ಚಿಯಿಂದ ಹಳೆಯ ಸೇವೆ ಇದೆ, 2024ರಲ್ಲಿ ಬೆಂಗಳೂರಿನಿಂದಲೂ ಶುರುವಾಯಿತು. ವೇಳಾಪಟ್ಟಿ ಋತುವಿಗೆ ತಕ್ಕಂತೆ ಬದಲಾಗುವುದರಿಂದ ಕಾಯ್ದಿರಿಸುವ ದಿನವೇ ಖಚಿತಪಡಿಸಿಕೊಳ್ಳಬೇಕು. ಓಡುದಾರಿ ಕೇವಲ 1,200 ಮೀಟರ್ ಆಸುಪಾಸಿನದು, ಎರಡೂ ಕಡೆ ಕಡಲು. ಸಣ್ಣ ವಿಮಾನವಾದ್ದರಿಂದ ಸಾಮಾನಿನ ತೂಕದ ಮಿತಿ ಬಿಗಿಯಾಗಿರುತ್ತದೆ.

ನನ್ನ ಒಲವು ಹಡಗಿನ ಕಡೆಗೆ, ಕನಿಷ್ಠ ಹೋಗುವಾಗಲಾದರೂ. ಕೊಚ್ಚಿಯಿಂದ ಹೊರಡುವ ಹಡಗುಗಳು ದ್ವೀಪವನ್ನು ಅನುಸರಿಸಿ 14ರಿಂದ 20 ಗಂಟೆ ತೆಗೆದುಕೊಳ್ಳುತ್ತವೆ. ಮಗಳ ಮದುವೆಗೆ ಬಟ್ಟೆ ಕೊಂಡು ಮರಳುವ ಕುಟುಂಬ, ರಜೆಗೆ ಬರುವ ಕಾಲೇಜು ಹುಡುಗರು, ಆಸ್ಪತ್ರೆ ಮುಗಿಸಿಕೊಂಡು ಬರುವ ಅಜ್ಜ: ಇಡೀ ಊರು ನಿಮ್ಮ ಜೊತೆ ಪಯಣಿಸುತ್ತಿರುತ್ತದೆ. ದ್ವೀಪದ ಪರಿಚಯ ಹಡಗಿನ ಮೇಲ್ಮಾಳಿಗೆಯಲ್ಲೇ ಆರಂಭವಾಗುತ್ತದೆ. ಹಡಗು ಅವರಿಗೆ ಬಸ್ಸು. ನಮಗೆ ಟಿಕೆಟ್ ಸಿಗದೇ ಹೋದರೆ ಸಿಟ್ಟಾಗುವಂತಿಲ್ಲ.

ಕಡಲಿನ ವಾಕರಿಕೆಗೆ ಮಾತ್ರೆಯನ್ನು ವೈದ್ಯರನ್ನು ಕೇಳಿ ಒಯ್ಯಿರಿ. ಹಡಗು ಹತ್ತುವ ಮೊದಲೇ ಅದನ್ನು ನುಂಗಬೇಕು, ವಾಕರಿಕೆ ಶುರುವಾದ ಮೇಲೆ ಪ್ರಯೋಜನ ಕಡಿಮೆ. ಹೆಚ್ಚಿನ ದ್ವೀಪಗಳಲ್ಲಿ ಹಡಗು ಹವಳದಿಬ್ಬದ ಹೊರಗೇ ನಿಲ್ಲುತ್ತದೆ. ಅಲ್ಲಿಂದ ಸಣ್ಣ ದೋಣಿಗೆ ಇಳಿಯಬೇಕು. ಎರಡೂ ಅಲೆಗೆ ಏರಿಳಿಯುತ್ತಿರುತ್ತವೆ. ಎರಡೂ ಕೈ ಖಾಲಿಯಿರಲಿ, ಚೀಲ ಬೆನ್ನಿಗಿರಲಿ. ದೋಣಿಯವರು ತೋಳು ಹಿಡಿದು 'ಈಗ' ಎಂದಾಗ ಹಿಂದೆಮುಂದೆ ನೋಡದೆ ಕಾಲಿಡಿ. ಅರೆಮನಸ್ಸಿನಿಂದ ಕಾಲಿಡುವುದೇ ಅಪಾಯ.

ಹಂತ 5: ಚೀಲ

ಉದ್ದ ತೋಳಿನ ಈಜುಡುಗೆ ಸನ್‌ಸ್ಕ್ರೀನ್ ಡಬ್ಬಿಗಿಂತ ಮೇಲು: ಬೆನ್ನು ಸುಡುವುದಿಲ್ಲ, ಹವಳಕ್ಕೆ ರಾಸಾಯನಿಕ ಸೇರುವುದಿಲ್ಲ. ಗಟ್ಟಿ ಅಟ್ಟೆಯ ರಬ್ಬರ್ ಪಾದರಕ್ಷೆ ಕಡ್ಡಾಯ ಎಂದುಕೊಳ್ಳಿ. ಕನ್ನಡಕ ಹಾಕುವವರು ಪವರ್ ಇರುವ ಸ್ನಾರ್ಕೆಲ್ ಮಾಸ್ಕ್ ಮಾಡಿಸಿಕೊಂಡು ಹೋದರೆ ಖರ್ಚು ವ್ಯರ್ಥವಾಗದು. ಊರಿನೊಳಗೆ ತಿರುಗಲು ಮೊಣಕಾಲು, ಭುಜ ಮುಚ್ಚುವ ಹತ್ತಿ ಬಟ್ಟೆ ಬೇಕು. ನಗದು ಹಣ ಇರಲಿ. ಸಮುದ್ರದಡಿಯ ಇಂಟರ್‌ನೆಟ್ ಕೇಬಲ್ 2024ರ ಜನವರಿಯಲ್ಲಿ ಉದ್ಘಾಟನೆಯಾಗಿದ್ದರೂ ಎಲ್ಲ ಅಂಗಡಿಯಲ್ಲೂ ಮೊಬೈಲ್ ಪಾವತಿ ನಡೆಯುತ್ತದೆ ಎಂದು ನೆಚ್ಚಬೇಡಿ. ಮದ್ಯ ನಿಷೇಧವಿದೆ, ಬಂಗಾರಂ ಮಾತ್ರ ಅಪವಾದ. ಚೀಲದಲ್ಲಿ ಬಾಟಲಿ ಒಯ್ಯುವ ಜಾಣತನ ಬೇಡ. ಸಾಕುನಾಯಿಯನ್ನು ಕರೆದೊಯ್ಯುವ ಯೋಚನೆಯೂ ಬೇಡ, ಇದು ನಾಯಿಯಿಲ್ಲದ ನಾಡು.

ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ. ತಂಗುದಾಣದಲ್ಲಿ ಅನ್ನ, ಸಾರು, ಪಲ್ಯ ಮಾಡಿಕೊಡುತ್ತಾರೆ. ಆದರೆ ತರಕಾರಿ ಬರುವುದು ಹಡಗಿನಲ್ಲಿ, ಹಡಗು ತಡವಾದರೆ ಬೇಳೆ, ಕಾಯಿಯೇ ಗತಿ. ಚಟ್ನಿಪುಡಿ ಡಬ್ಬಿಯೊಂದಿರಲಿ.

ಹಂತ 6: ಮೊದಲ ದಿನ ನೀರಿಗಿಳಿಯಬೇಡಿ, ನಡೆಯಿರಿ

ತಲುಪಿದ ಕೂಡಲೇ ಲಗೂನಿಗೆ ಹಾರುವ ಆತುರ ಎಲ್ಲರಿಗೂ ಇರುತ್ತದೆ. ಹಡಗಿನ ತೂಗಾಟದಿಂದ ಮೈ ಇನ್ನೂ ಸ್ಥಿಮಿತಕ್ಕೆ ಬಂದಿರುವುದಿಲ್ಲ. ಆ ಮಧ್ಯಾಹ್ನ ಸೈಕಲ್ ಬಾಡಿಗೆಗೆ ಪಡೆದು ಊರು ಸುತ್ತಿ.

ದ್ವೀಪದ ಅಂಗರಚನೆಯನ್ನು ಕಣ್ಣಾರೆ ನೋಡಿಕೊಳ್ಳಲು ಇದೇ ಸಮಯ. ಹೆಚ್ಚಿನ ದ್ವೀಪಗಳು ಹವಳದ ಬಳೆಯ ಪೂರ್ವ ಅಂಚಿನಲ್ಲಿವೆ, ಲಗೂನ್ ಪಶ್ಚಿಮಕ್ಕಿದೆ. ಹಾಗಾಗಿ ಪಶ್ಚಿಮದ ದಂಡೆ ಶಾಂತ. ಪೂರ್ವದಲ್ಲಿ ದಿಬ್ಬ ದಡಕ್ಕೆ ಅಂಟಿಕೊಂಡಿದ್ದು, ಅದರಾಚೆ ಕಡಲು ಥಟ್ಟನೆ ಆಳಕ್ಕೆ ಇಳಿಯುತ್ತದೆ. ಈಜು ಪಶ್ಚಿಮದಲ್ಲಿ, ನಡಿಗೆ ಪೂರ್ವದಲ್ಲಿ ಎಂದು ಮಕ್ಕಳಿಗೂ ಹೇಳಿಕೊಡಿ. ಕಲ್ಪೇನಿಯ ಪೂರ್ವ ದಂಡೆಗೆ ಹೋದರೆ ಹವಳದ ತುಂಡುಗಳ ದೊಡ್ಡ ದಿಣ್ಣೆ ಕಾಣುತ್ತದೆ, 1847ರ ಚಂಡಮಾರುತ ಕಡಲಿನಿಂದ ಎತ್ತಿ ಎಸೆದದ್ದು ಅದು.

ಬಾವಿಗಳನ್ನು ಗಮನಿಸಿ. ಮರಳಿನಲ್ಲಿ ಇಂಗಿದ ಮಳೆನೀರು ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ತೇಲುತ್ತಿರುತ್ತದೆ, ಕುಡಿಯುವ ನೀರಿಗೆ ಊರು ನೆಚ್ಚಿದ್ದು ಅದನ್ನೇ. ಹೆಚ್ಚು ಸೇದಿದರೆ ಉಪ್ಪು ಮೇಲೇರುತ್ತದೆ. ಸಮುದ್ರದ ಮೇಲ್ಪದರ ಮತ್ತು ಆಳದ ನೀರಿನ ಉಷ್ಣತೆಯ ಅಂತರವನ್ನೇ ಬಳಸಿ ಸಿಹಿನೀರು ಮಾಡುವ ಘಟಕ 2005ರಲ್ಲಿ ಕವರತ್ತಿಯಲ್ಲಿ ಶುರುವಾಯಿತು. ದಿನಕ್ಕೆ ಒಂದು ಲಕ್ಷ ಲೀಟರ್ ಅದರ ಸಾಮರ್ಥ್ಯ. ಇಷ್ಟು ತಿಳಿದ ಮೇಲೆ ಶವರ್ ಕೆಳಗೆ ಅರ್ಧ ಗಂಟೆ ನಿಲ್ಲಲು ಮನಸ್ಸು ಬಾರದು. ಒಂದು ಬಕೆಟ್ ನೀರು ಸಾಕು.

ಎದುರಾದವರಿಗೆ ಸಲಾಂ ಹೇಳಿ. ಮಲಯಾಳ ಬಂದರೆ ಕೆಲಸ ಸಲೀಸು, ಬ್ಯಾರಿ ಭಾಷೆಯವರಿಗೂ ಅರ್ಧ ಮಾತು ತಾನಾಗಿ ತಿಳಿಯುತ್ತದೆ. ಹೆಂಗಸರ ಫೋಟೊ ಕೇಳದೆ ತೆಗೆಯಬೇಡಿ. ಡ್ರೋನ್ ಹಾರಿಸಬೇಡಿ, ಕವರತ್ತಿಯಲ್ಲೂ ಮಿನಿಕಾಯ್‌ನಲ್ಲೂ ನೌಕಾನೆಲೆಗಳಿವೆ. ಕವರತ್ತಿಗೆ ಹೋದವರು ಉಜ್ರಾ ಮಸೀದಿಯ ಮರದ ಕೆತ್ತನೆಯನ್ನು ನೋಡಲೇಬೇಕು. ಕಡಲಲ್ಲಿ ತೇಲಿಬಂದ ಮರದಿಂದ ಅದನ್ನು ಕೆತ್ತಿದರೆಂದು ಪ್ರತೀತಿ. ಪ್ರಾರ್ಥನೆಯ ಹೊತ್ತು ಬಿಟ್ಟು, ಅನುಮತಿ ಕೇಳಿ ಹೋಗಿ.

ಹಂತ 7: ಲಗೂನಿಗೆ ಇಳಿಯುವ ಕ್ರಮ

ಮೊದಲು ಉಬ್ಬರ ಇಳಿತದ ವೇಳೆ ಕೇಳಿ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿದಿನವೂ ಸುಮಾರು 50 ನಿಮಿಷ ಮುಂದಕ್ಕೆ ಜಾರುತ್ತವೆ. ಸ್ನಾರ್ಕೆಲಿಂಗ್‌ಗೆ ಉಬ್ಬರ ತುಂಬುತ್ತಿರುವ ಹೊತ್ತು ಪ್ರಶಸ್ತ. ಹೊರಗಡಲಿನ ತಿಳಿನೀರು ಒಳಬರುತ್ತದೆ, ಹವಳದ ಮೇಲೆ ಹೊಟ್ಟೆ ಉಜ್ಜದಷ್ಟು ಆಳ ಸಿಗುತ್ತದೆ. ಇಳಿತದಲ್ಲಿ ಲಗೂನಿನ ನೀರೆಲ್ಲ ದಿಬ್ಬದ ಕಂಡಿಯ ಮೂಲಕ ಹೊರಗೆ ಓಡುತ್ತದೆ. ದೋಣಿಗಳು ಓಡಾಡುವ ಆ ಕಂಡಿಯ ಹತ್ತಿರ ಎಷ್ಟೇ ಒಳ್ಳೆಯ ಈಜುಗಾರರೂ ಸುಳಿಯಬಾರದು.

ಮಾಸ್ಕ್ ಸರಿಹೊಂದುತ್ತದೆಯೇ ಎಂದು ನೋಡುವ ಬಗೆ: ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರೆಳೆಯಿರಿ, ಕೈ ಬಿಡಿ. ಬೀಳದೆ ಅಂಟಿಕೊಂಡರೆ ಅದು ನಿಮ್ಮದು. ಮೀಸೆಯ ಅಂಚಿನಿಂದ ನೀರು ನುಗ್ಗುವುದುಂಟು. ಮೀಸೆ ಬೋಳಿಸಲು ಒಪ್ಪದವರು ಅಲ್ಲಿಗೆ ತುಸು ವ್ಯಾಸಲೀನ್ ಸವರಿಕೊಳ್ಳಲಿ. ಗಾಜಿನ ಒಳಗೆ ಉಗುಳು ಸವರಿ ತೊಳೆದರೆ ಮಬ್ಬಾಗುವುದಿಲ್ಲ. ಸೊಂಟದಷ್ಟು ನೀರಿನಲ್ಲಿ ನಿಂತು, ತಲೆ ಮುಳುಗಿಸಿ, ಬಾಯಿಂದ ನಿಧಾನವಾಗಿ ಉಸಿರಾಡುವುದನ್ನು ಹತ್ತು ನಿಮಿಷ ಅಭ್ಯಾಸ ಮಾಡಿ. ಕೊಳವೆಗೆ ನೀರು ಬಂದರೆ ಜೋರಾಗಿ ಊದಿ ಹೊರಹಾಕುವುದನ್ನು ಅಲ್ಲೇ ಕಲಿತುಬಿಡಿ. ಈಜು ಬಾರದವರು ಲೈಫ್ ಜಾಕೆಟ್ ತೊಟ್ಟು ಮಾರ್ಗದರ್ಶಕರ ತೆಪ್ಪದ ಹಗ್ಗ ಹಿಡಿದು ತೇಲಬಹುದು. ಅದೂ ಬೇಡವೆಂದರೆ ಗಾಜಿನ ತಳದ ದೋಣಿ ಇದೆ.

ದಣಿವಾದಾಗ ಹವಳದ ಮೇಲೆ ಕಾಲೂರಿ ನಿಲ್ಲುವ ಆಸೆಯಾಗುತ್ತದೆ. ನಿಲ್ಲಬೇಡಿ. ಹವಳಕ್ಕೆ ಮಾತ್ರವಲ್ಲ, ಕಾಲಿಗೂ ಕೇಡು: ಕಲ್ಲಿನಂತೆ ಕಾಣುವ ಕಲ್ಲುಮೀನಿನ ಮುಳ್ಳಿಗೆ ಕಡುವಿಷ. ಅದೋ ಸಮುದ್ರಮುಳ್ಳಿಯೋ ಚುಚ್ಚಿದರೆ ತಡೆದುಕೊಳ್ಳುವಷ್ಟು ಬಿಸಿಯಾದ ನೀರಿನಲ್ಲಿ ಕಾಲು ಅದ್ದಿಟ್ಟು ಆಸ್ಪತ್ರೆಗೆ ಹೋಗಬೇಕು. ಚೆಂದದ ಶಂಕುವಿನಾಕಾರದ ಚಿಪ್ಪು ಕಂಡರೆ ಕೈ ಚಾಚಬೇಡಿ, ಒಳಗಿರುವ ಬಸವನಹುಳು ವಿಷದ ಬಾಣ ಹೂಡುತ್ತದೆ. ಆಮೆ ಉಸಿರಾಡಲು ಮೇಲೆ ಬರುವಾಗ ಅದರ ದಾರಿಗೆ ಅಡ್ಡ ಹೋಗಬೇಡಿ. ಆಮೆಗಳು ಕಡಲಹುಲ್ಲನ್ನೆಲ್ಲ ಮೇಯ್ದು ಮೀನು ಕಡಿಮೆಯಾಯಿತೆಂದು ಅಗತ್ತಿಯ ಮೀನುಗಾರರು ಬೇಸರಪಡುತ್ತಾರೆ. ಪ್ರವಾಸಿಗೆ ಮುದ್ದೆನಿಸುವ ಪ್ರಾಣಿಯ ಬಗ್ಗೆ ಊರಿನ ಮಾತು ಬೇರೆಯಿರುತ್ತದೆ. ಕೇಳಿಸಿಕೊಳ್ಳಿ, ವಾದಕ್ಕೆ ಹೋಗಬೇಡಿ.

ಎಲ್ಲ ಹವಳವೂ ಬಣ್ಣಬಣ್ಣವಾಗಿರುತ್ತದೆಂದು ನಿರೀಕ್ಷಿಸಬೇಡಿ. ಕಡಲು ಅತಿಯಾಗಿ ಬಿಸಿಯಾದ 1998, 2010, 2016, 2024ರಲ್ಲಿ ಲಕ್ಷದ್ವೀಪದ ಹವಳ ಬಿಳಿಚಿಕೊಂಡಿತು. ಬೂದಿಬಣ್ಣದ ಸತ್ತ ದಿಬ್ಬಗಳೂ ಎದುರಾಗುತ್ತವೆ. ಎಲ್ಲಿ ಚೇತರಿಸಿಕೊಳ್ಳುತ್ತಿದೆ ಎಂದು ಸ್ಥಳೀಯ ಮಾರ್ಗದರ್ಶಕರನ್ನು ಕೇಳಿ. ಅಂಥ ಜಾಗದ ಎಳೆಯ ಹವಳ ನೋಡುವುದರಲ್ಲಿ ಬೇರೆಯದೇ ಕುತೂಹಲವಿದೆ.

ಸ್ಕೂಬಾಗೆ ಎರಡು ಮೆಟ್ಟಿಲು. ಬೋಧಕರು ಕೈಹಿಡಿದು ಕಡಿಮೆ ಆಳಕ್ಕೆ ಕರೆದೊಯ್ಯುವ ಪರಿಚಯದ ಮುಳುಗು ಒಂದು, ಹಲವು ದಿನಗಳ ಪ್ರಮಾಣಪತ್ರದ ತರಬೇತಿ ಇನ್ನೊಂದು. ಆರೋಗ್ಯದ ಪ್ರಶ್ನಾವಳಿಯಲ್ಲಿ ಆಸ್ತಮಾ, ಹೃದಯ, ಕಿವಿಯ ತೊಂದರೆಯನ್ನು ಮುಚ್ಚಿಡಬೇಡಿ. ನೆಗಡಿಯಿದ್ದರೆ ಅಂದು ಮುಳುಗಲು ಹೋಗಬೇಡಿ. ಕೆಳಗಿಳಿಯುವಾಗ ಕಿವಿ ನೋಯುವ ಮೊದಲೇ ಮೂಗು ಹಿಡಿದು ಮೆಲ್ಲಗೆ ಊದುತ್ತಿರಬೇಕು, ನೋವು ಬಂದ ಮೇಲೆ ಬಲವಂತದಿಂದ ಊದಿದರೆ ತಮಟೆಗೆ ಅಪಾಯ. ಒಂದೇ ಸಲ ಇಳಿದಿದ್ದರೆ ಕನಿಷ್ಠ 12 ಗಂಟೆ, ಹಲವು ಸಲ ಇಳಿದಿದ್ದರೆ 18 ಗಂಟೆ ವಿಮಾನ ಹತ್ತಬಾರದು. ಅಗತ್ತಿಯಿಂದ ವಿಮಾನದಲ್ಲಿ ಮರಳುವವರು ಸ್ಕೂಬಾವನ್ನು ಪ್ರವಾಸದ ಮೊದಲರ್ಧಕ್ಕೆ ಇಟ್ಟುಕೊಳ್ಳಿ.

ಕಯಾಕ್‌ಗೆ ಒಂದೇ ನಿಯಮ: ಹೋಗುವಾಗ ಗಾಳಿಗೆದುರು, ಬರುವಾಗ ಗಾಳಿಯ ಜೊತೆ. ಗಾಳಿ ದಡದಿಂದ ದಿಬ್ಬದತ್ತ ಬೀಸುವ ದಿನ ನೀರು ಎಷ್ಟು ಶಾಂತವಾಗಿ ಕಂಡರೂ ದೂರ ಹೋಗಬೇಡಿ.

ಹಂತ 8: ದುಡಿಮೆಯ ಜಾಗಕ್ಕೆ ಹೋಗಿ

ನೃತ್ಯ ಕಾರ್ಯಕ್ರಮಗಳನ್ನು ಪ್ರವಾಸದವರೇ ತೋರಿಸುತ್ತಾರೆ: ಕೋಲ್ಕಳಿ, ಗುರಾಣಿ ಹಿಡಿದು ಕುಣಿಯುವ ಪರಿಚಕಳಿ, ಮಿನಿಕಾಯ್‌ನ ಲಾವಾ. ಚೆನ್ನಾಗಿಯೇ ಇರುತ್ತವೆ. ಆದರೆ ಊರನ್ನು ನಿಜವಾಗಿ ತೆರೆಯುವುದು ಟ್ಯೂನಾ.

ಬೆಳಿಗ್ಗೆ ದೋಣಿಕಟ್ಟೆಯಲ್ಲಿ ನಿಂತು ನೋಡಿ. ಲಗೂನಿನಲ್ಲಿ ಹಿಡಿದ ಸಣ್ಣ ಮೀನುಗಳನ್ನು ನೀರು ತುಂಬಿದ ಗೂಡಿನಲ್ಲಿ ಜೀವಂತ ಇಟ್ಟುಕೊಂಡು ದೋಣಿಗಳು ಹೊರಗಡಲಿಗೆ ಹೋಗುತ್ತವೆ. ಟ್ಯೂನಾ ಹಿಂಡು ಕಂಡಾಗ ಈ ಮೀನುಗಳನ್ನು ಎರಚಿ, ನೀರನ್ನು ಮಳೆಯಂತೆ ಚಿಮ್ಮಿಸಿ ಹಿಂಡನ್ನು ಕೆಣಕುತ್ತಾರೆ. ಸಾಲಾಗಿ ನಿಂತವರು ಉದ್ದ ಗಳಕ್ಕೆ ಕಟ್ಟಿದ, ಮುಳ್ಳಿಲ್ಲದ ಗಾಳದಿಂದ ಒಂದೊಂದೇ ಮೀನನ್ನು ಎತ್ತಿ ಬೆನ್ನ ಹಿಂದೆ ಎಸೆಯುತ್ತಾರೆ. ಗಾಳಕ್ಕೆ ಮುಳ್ಳಿಲ್ಲದ್ದರಿಂದ ಮೀನು ತಾನೇ ಕಳಚಿ ಬೀಳುತ್ತದೆ. ದೊಡ್ಡ ಬಲೆ ಇಲ್ಲ, ಬೇಡದ ಜೀವಿಗಳ ಸಾವೂ ಕಡಿಮೆ. ಎಲ್ಲದಕ್ಕೂ ಮೂಲ ಹವಳದ ಸಂದಿಯಲ್ಲಿ ಬೆಳೆಯುವ ಆ ಸಣ್ಣ ಮೀನು. ಈಜಲು ನೀವು ಕಾಲಿಗೆ ತೊಡುವ ರೆಕ್ಕೆಪಾದದ ಏಟಿಗೆ ಮುರಿಯುವುದು ಅದರ ಮನೆ.

ಮಧ್ಯಾಹ್ನದ ನಂತರ ಮೀನನ್ನು ಸೀಳಿ, ಉಪ್ಪುನೀರಿನಲ್ಲಿ ಬೇಯಿಸಿ, ಹೊಗೆಯಲ್ಲಿಟ್ಟು, ಬಿಸಿಲಿಗೆ ಒಣಗಿಸಿ ಮಾಸ್ ಮಾಡುತ್ತಾರೆ. ಮರದ ಕೊರಡಿನಷ್ಟು ಗಟ್ಟಿಯಾದ ಇದು ತಿಂಗಳುಗಟ್ಟಲೆ ಕೆಡುವುದಿಲ್ಲ. ಮಾಡುವವರ ಅಂಗಳಕ್ಕೆ ಕೇಳಿಕೊಂಡು ಹೋದರೆ ಸಾಮಾನ್ಯವಾಗಿ ಬೇಡ ಎನ್ನುವುದಿಲ್ಲ. ಬೇಟೆಗೆ ಜೊತೆಗೆ ಹೋಗುವ ಆಸೆಯಿದ್ದರೆ ತಂಗುದಾಣದವರ ಮೂಲಕ, ಅನುಮತಿಯಿರುವ ದೋಣಿಯಲ್ಲೇ ಹೋಗಿ. ದೊಡ್ಡ ಇಳಿತದ ದಿನಗಳಲ್ಲಿ ಊರಿನವರು ದಿಬ್ಬದ ಮೇಲೆ ನಡೆಯುತ್ತಾ ಬಿಲಗಳಿಂದ ಆಕ್ಟೋಪಸ್ ಹಿಡಿಯುತ್ತಾರೆ. ಅವರು ಕಾಲಿಟ್ಟಲ್ಲೇ ಕಾಲಿಡುತ್ತಾ ಹಿಂದೆ ಹೋಗಬಹುದು. ಸಂಜೆ ಅದೇ ಆಕ್ಟೋಪಸ್ ಮಸಾಲೆ ಸವರಿಕೊಂಡು ತಿಂಡಿಯಂಗಡಿಗೆ ಬಂದಿರುತ್ತದೆ.

ತೆಂಗಿನದು ಇನ್ನೊಂದು ಲೋಕ. ಹೊಂಬಾಳೆಯಿಂದ ಇಳಿಸಿದ ಸಿಹಿರಸವನ್ನು ಕಾಯಿಸಿ ಬೆಲ್ಲ ಮಾಡುತ್ತಾರೆ, ಹುಳಿಬರಿಸಿ ವಿನೆಗರ್ ಮಾಡುತ್ತಾರೆ. ಬೆಲ್ಲ ಮತ್ತು ಕಾಯಿತುರಿಯ ಉಂಡೆಯನ್ನು ಒಣಎಲೆಯಲ್ಲಿ ಸುತ್ತಿ ಮಾರುತ್ತಾರೆ. ಅಕ್ಕಿಹಿಟ್ಟಿನ ತೆಳ್ಳನೆಯ ಕಿಲಾಂಜಿಯನ್ನು ಕಾಯಿಹಾಲು, ಬೆಲ್ಲ, ಬಾಳೆಹಣ್ಣಿನ ಜೊತೆ ತಿನ್ನುವಾಗ ನಮ್ಮ ಕರಾವಳಿಯವರಿಗೆ ನೀರುದೋಸೆ ನೆನಪಾಗದೇ ಇರದು. ಬಹುತೇಕ ಹಬ್ಬದ ದಿನ, ಮನೆಗಳಲ್ಲೇ ಮಾಡುವ ತಿನಿಸು ಇದು. ಮೊದಲೇ ಹೇಳಿಟ್ಟರೆ ಸಿಗಬಹುದು.

ಮನೆಯೊಳಗೆ ಕರೆದರೆ, ಆ ಮನೆ ಹೆಂಗಸಿನ ಕಡೆಯಿಂದ ಬಂದದ್ದು ಎಂಬುದು ನೆನಪಿರಲಿ. ಇಸ್ಲಾಂ ಪಾಲಿಸುತ್ತಲೇ ತಾಯಿಯ ವಂಶದಲ್ಲಿ ಆಸ್ತಿ ಇಳಿಸಿಕೊಂಡು ಬಂದ ಸಮಾಜವಿದು. ಗಂಡ ರಾತ್ರಿ ಹೆಂಡತಿಯ ಮನೆಗೆ ಬಂದು ಬೆಳಿಗ್ಗೆ ತಾಯಿಮನೆಗೆ ಮರಳುವ ಪದ್ಧತಿಯೂ ಇತ್ತು. ಕುಟುಂಬದ ಆಸ್ತಿಗೆ ಶುಕ್ರವಾರದ ಆಸ್ತಿ, ಸ್ವಂತ ಗಳಿಕೆಗೆ ಸೋಮವಾರದ ಆಸ್ತಿ ಎಂದು ಹೆಸರು. ಮೊದಲನೆಯದು ಹೆಣ್ಣಿನ ಸಂತತಿಯಲ್ಲಿ ಇಳಿಯುತ್ತದೆ, ಎರಡನೆಯದಕ್ಕೆ ಇಸ್ಲಾಮಿನ ಕಾನೂನು ಅನ್ವಯಿಸುತ್ತದೆ. ತುಳುನಾಡಿನ ಅಳಿಯಕಟ್ಟಿನ ಮನೆಗಳಿಂದ ಬಂದವರು ಈ ವಿಷಯ ಎತ್ತಿದರೆ ಮಾತು ಚಹಾದ ಎರಡನೇ ಲೋಟಕ್ಕೂ ಸಾಗುತ್ತದೆ. ಹೆಂಗಸರು ಹೆಂಗಸರ ಜೊತೆ ಕೂತು ಮಾತಾಡಲು ಹೆಚ್ಚಿನ ಅವಕಾಶವಿರುವುದರಿಂದ ಈ ಭಾಗದಲ್ಲಿ ಗಂಡಸರಿಗಿಂತ ಅವರಿಗೇ ಲಾಭ.

ಹಂತ 9: ಮರಳುವಾಗ

ಹವಳದ ಚೂರು ಸತ್ತದ್ದೇ ಆಗಿರಲಿ, ದಡದಲ್ಲಿ ಬಿದ್ದದ್ದೇ ಆಗಿರಲಿ, ಎತ್ತಿಕೊಳ್ಳಬೇಡಿ. ಹವಳಕ್ಕೂ ಕಡಲತಳದ ಮೆತ್ತನೆಯ ಜೀವಿಯಾದ ಸಮುದ್ರಸೌತೆಗೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಹೊರಡುವಾಗ ಚೀಲ ತಪಾಸಣೆಯಾದರೆ ಮಗು ಆಯ್ದದ್ದು ಎಂಬ ಸಬೂಬು ನಡೆಯುವುದಿಲ್ಲ. ನೀವು ಒಯ್ದ ಪ್ಲಾಸ್ಟಿಕ್, ಬ್ಯಾಟರಿ, ಖಾಲಿ ಶಾಂಪೂ ಡಬ್ಬಿಯನ್ನು ವಾಪಸ್ ತನ್ನಿ, ಅವನ್ನು ಹೂಳಲು ಅಲ್ಲಿ ಜಾಗವಿಲ್ಲ.

ಹಡಗಿನ ಅಥವಾ ವಿಮಾನದ ದಿನಕ್ಕೂ ಊರಿನಲ್ಲಿ ಕೆಲಸಕ್ಕೆ ಹಾಜರಾಗುವ ದಿನಕ್ಕೂ ನಡುವೆ ಎರಡು ದಿನ ಬಿಡಿ. ಹವೆ ಕೆಟ್ಟರೆ ಎರಡೂ ನಿಲ್ಲುತ್ತವೆ.

ತರಲು ಯೋಗ್ಯವಾದವು ತೆಂಗಿನ ಬೆಲ್ಲ, ಉಂಡೆ, ವಿನೆಗರ್, ನಾರಿನ ಹಗ್ಗ ಮತ್ತು ಮಾಸ್. ಅಂಗಡಿಗಿಂತ ಮಾಡುವವರ ಮನೆಯಲ್ಲೇ ಕೊಳ್ಳಿ. ಮಾಸ್ ಕೊಳ್ಳುವುದಾದರೆ ಗಾಳಿಯಾಡದ ಉಕ್ಕಿನ ಡಬ್ಬಿಯನ್ನು ಮನೆಯಿಂದಲೇ ಒಯ್ಯಬೇಕು. ಬಟ್ಟೆಯ ನಡುವೆ ಸುತ್ತಿಟ್ಟರೆ ಕೊಚ್ಚಿಯಿಂದ ಬೆಂಗಳೂರಿನವರೆಗೆ ಬಸ್ಸಿನ ಸಹಪ್ರಯಾಣಿಕರಿಗೆಲ್ಲ ನಿಮ್ಮ ಪ್ರವಾಸದ ಸುದ್ದಿ ತಿಳಿಯುತ್ತದೆ. ಮನೆಯಲ್ಲಿ ಅದನ್ನು ಸುತ್ತಿಗೆಯಿಂದ ಕುಟ್ಟಿ, ಪುಡಿಮಾಡಿ, ಈರುಳ್ಳಿ, ಹಸಿಮೆಣಸು, ಕಾಯಿತುರಿ ಬೆರೆಸಿದರೆ ಗಂಜಿಯೂಟಕ್ಕೆ ಒದಗುತ್ತದೆ. ಉಪ್ಪನ್ನು ರುಚಿ ನೋಡಿದ ಮೇಲೆಯೇ ಹಾಕಿ.